ಏಳನೇ ಕಲಂನ ಗೆರೆ

ಮಾರ್ಚ್ ೪, ಬುಧವಾರ

ಒಕ್ಕಣ್ಣಾ,

ನಾನು, ನಿನ್ನ ಮಸಿಕುಡಿಕೆ, ಬರೆಯುತ್ತಿದ್ದೇನೆ. ನೀನು ಇನ್ನೂ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಕಿರಿದು ಮಾಡಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತ ಕೂತಿರುತ್ತೀ ಎಂಬ ನಂಬಿಕೆಯಿಂದ ಈ ಹೆಸರಿನಲ್ಲೇ ಕರೆದಿದ್ದೇನೆ. ಆ ಕೆಲಸ ಬಿಟ್ಟಿದ್ದರೆ ಹೇಳು. ಹೇಳಿದರೂ ಹೆಸರು ಬದಲಾಗುವುದಿಲ್ಲ.

ನಿನ್ನ ಕಾಗದ ಬಂದು ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: “ಮೊಣಕಾಲು ಹೇಗಿದೆ?” ಮೊಣಕಾಲು ಇದ್ದ ಹಾಗೇ ಇದೆ, ಮೆಟ್ಟಿಲಿಳಿಯುವಾಗ ಮಾತ್ರ ತಾನಿದ್ದೇನೆ ಎಂದು ಹೇಳಿಕೊಳ್ಳುತ್ತದೆ. ಇಷ್ಟು ಬರೆಯಲು ಹದಿನಾಲ್ಕು ತಿಂಗಳು ಬೇಕಿರಲಿಲ್ಲ ಎಂದು ನಿನಗೂ ಗೊತ್ತು. ಕಾಗದ ಮುಂದಿಟ್ಟುಕೊಂಡಾಗಲೆಲ್ಲ, ಮೊಣಕಾಲಿನ ನಂತರ ಏನು ಬರೆಯಬೇಕು ಎಂಬಲ್ಲಿ ಪೆನ್ನು ನಿಲ್ಲುತ್ತಿತ್ತು. ಕ್ಷಮಿಸು. ಆದರೆ ಕ್ಷಮೆಯನ್ನೆಲ್ಲ ಈಗಲೇ ಖರ್ಚು ಮಾಡಬೇಡ, ಸ್ವಲ್ಪ ಉಳಿಸಿಕೋ.

ನನ್ನವಳು ಚೆನ್ನಾಗಿದ್ದಾಳೆ. ಅವಳ ಕಿವಿ ಮಂದವಾಗಿದೆ, ಆದರೆ ನನ್ನ ಮಾತಿಗೆ ಮಾತ್ರ. ಪಕ್ಕದ ಮನೆಯ ಜಗಳ ಅಕ್ಷರ ಬಿಡದೆ ಕೇಳಿಸುತ್ತದೆ. ಮಗಳು ಅದೇ ಮೇವಿನ ಕಂಪನಿಯಲ್ಲಿದ್ದಾಳೆ, ಈಗ ಮೂರನೇ ಮಹಡಿಗೆ ಏರಿದ್ದಾಳೆ. ಪಶುವೈದ್ಯ ಪದವಿ ಗೋಡೆಯ ಮೇಲಿದೆ. ಹಸುವಿನ ಮುಖ ನೋಡಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಲ್ಲ. ಹೋದ ತಿಂಗಳು ಬಂದಾಗ ನಮ್ಮ ಬೀದಿಯ ನಾಯಿ ಬೊಗಳಿತೆಂದು ಕಾರಿನಿಂದ ಇಳಿಯಲೇ ಇಲ್ಲ. ನಾನು ಹೋಗಿ ನಾಯಿಯನ್ನು ಓಡಿಸಬೇಕಾಯಿತು. ನನ್ನವಳು ಬಾಗಿಲಲ್ಲಿ ನಿಂತು, “ಡಾಕ್ಟರಮ್ಮನ್ನ ಕಾಪಾಡೋಕೆ ಮೇಷ್ಟ್ರು ಬೇಕು ನೋಡಿ,” ಎಂದಳು. ಎಲ್ಲರೂ ನಕ್ಕೆವು. ನಾನು ಉಳಿದವರಿಗಿಂತ ಸ್ವಲ್ಪ ಮೊದಲೇ ನಗು ನಿಲ್ಲಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಲಕೋಟೆಯಲ್ಲಿ ಒಂದು ನಮೂನೆ ಇದೆ. ಅದರ ಎರಡನೇ ಭಾಗಕ್ಕೆ ನಿನ್ನ ಸಹಿ ಬೇಕು. ಇಪ್ಪತ್ತನೇ ತಾರೀಕಿನೊಳಗೆ ಅದು ಇಲ್ಲಿ ಮುಟ್ಟಬೇಕು. ಸಹಿ ನಿನ್ನ ಮೊಮ್ಮಗಳಿಗಾಗಿ. ಇಲ್ಲಿಗೇ ಕಾಗದ ಮಡಚಿ, ಮುರಿದ ಮುಳ್ಳುಗಳನ್ನು ಹಾಕಿಡುವ ಆ ಡ್ರಾಯರಿಗೆ ಸೇರಿಸಬೇಡ. ನೀನು ಅವಳನ್ನು ನೋಡಿಲ್ಲ, ಅವಳಮ್ಮನ ಹೆಸರನ್ನು ಯಾರೂ ನಿನ್ನೆದುರು ಎತ್ತುವುದಿಲ್ಲ, ಎಲ್ಲ ಗೊತ್ತಿದ್ದೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ಬೇಕಾದರೆ ಬೈ. ಬೈಯುವುದಕ್ಕೂ ಪೂರ್ತಿ ಓದಿರುವುದು ಒಳ್ಳೆಯದು.

ನಾನು ಇದೇ ಶಾಲೆಯಲ್ಲಿದ್ದೇನೆ. ಜೂನ್‌ಗೆ ನಿವೃತ್ತಿ. ಪಾಠ ಕಡಿಮೆ ಮಾಡಿ ದಾಖಲೆ ಕೋಣೆಯ ಬೀಗದ ಕೈ ಕೊಟ್ಟಿದ್ದಾರೆ. ಅಕ್ಷರ ಚೆನ್ನಾಗಿದೆ ಎಂದು ಮೊದಲ ವರ್ಷವೇ ದಾಖಲಾತಿ ಪುಸ್ತಕ ನನ್ನ ಕೈಗೆ ಬಂದಿತ್ತಲ್ಲ. ಈಗ ಆ ಪುಸ್ತಕಗಳೂ ನಾನೂ ಒಂದೇ ಕೋಣೆಯಲ್ಲಿ ಹಳದಿಯಾಗುತ್ತಿದ್ದೇವೆ. ಒಂದು ಕಿಟಕಿ, ಒಂದು ಕಬ್ಬಿಣದ ಕಪಾಟು, ಕಾಲಿನ ಕೆಳಗೆ ರಟ್ಟು ಮಡಚಿಟ್ಟ ಮೇಜು.

ಹೋದ ವಾರ ಸೋಮವಾರ ಬೆಳಿಗ್ಗೆ ಜವಾನ ಬಂದು, “ಸಾರ್, ಯಾರೋ ಹೆಂಗಸರು ಬಂದಿದ್ದಾರೆ. ಕೈಯೆಲ್ಲ ಪರಚು ಗಾಯ. ಗಂಡನ ಜೊತೆ ಮಾರಾಮಾರಿ ಆಗಿರಬೇಕು, ಪೊಲೀಸಿನವರ ಹತ್ರ ಹೋಗೋದು ಬಿಟ್ಟು ಇಲ್ಲಿಗೆ ಬಂದಿದ್ದಾರೆ,” ಎಂದ.

“ಗಂಡ ಅಲ್ಲ, ಬೆಕ್ಕು,” ಎಂದು ಅವನ ಬೆನ್ನ ಹಿಂದಿನಿಂದಲೇ ಒಂದು ದನಿ ಹೇಳಿತು.

ನಿನ್ನ ಮಗಳು. ಹದಿನೆಂಟು ವರ್ಷದ ಮೇಲೆ ನೋಡಿದ್ದು. ಕೂದಲಿನಲ್ಲಿ ಅಲ್ಲಲ್ಲಿ ಬಿಳಿ, ನಿನ್ನದೇ ಗದ್ದ, ನೀನು ಗಿರಾಕಿಯನ್ನು ನೋಡುವ ಹಾಗೆ ತಲೆ ಒಂದು ಕಡೆ ವಾಲಿಸಿ ನೋಡುವ ಅದೇ ನೋಟ. ಸೇತುವೆಯಾಚೆಯ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರು ಸೂಜಿ ಚುಚ್ಚುವಾಗ ಪ್ರಾಣಿಯನ್ನು ಹಿಡಿದುಕೊಳ್ಳುವ ಕೆಲಸ. “ಕಚ್ಚೋದು ನನಗೆ, ಫೀಸು ಅವರಿಗೆ,” ಎಂದು ನಕ್ಕಳು. ಹದಿನಾಲ್ಕು ವರ್ಷದಿಂದ ಹಿಡಿದುಕೊಂಡೇ ಇದ್ದಾಳಂತೆ.

“ಕೂತ್ಕೋ,” ಎಂದೆ.

“ಕೂತ್ಕೊಳ್ಳೋಕೆ ಹೊತ್ತಿಲ್ಲ ಮಾಮ. ಮಧ್ಯಾಹ್ನ ಒಂದು ಕುದುರೆ ಬರುತ್ತೆ.”

ಮಗಳಿಗೆ ಕಣ್ಣಿನ ಪರೀಕ್ಷೆಯ ಕೋರ್ಸು ಸೇರಬೇಕಂತೆ. ಕನ್ನಡಕದ ನಂಬರು ಹಿಡಿಯುವುದು, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವುದು, ಅದೆಲ್ಲ ಕಲಿಸುವ ನಾಲ್ಕು ವರ್ಷದ ಓದು. ಕಾಲೇಜಿನಲ್ಲಿ ನಲವತ್ತು ಸೀಟು, ಅದರಲ್ಲಿ ಮೂರು ಸಣ್ಣ ಸಮುದಾಯಗಳಿಗೆ ಮೀಸಲು. ಸಾಮಾನ್ಯ ಪಟ್ಟಿಯಲ್ಲಿ ಹುಡುಗಿ ನಲವತ್ತೊಂಬತ್ತನೆಯವಳು. ಮೀಸಲು ಪಟ್ಟಿಯಲ್ಲಿ ಮೊದಲನೆಯವಳು, ಅಂದರೆ ಆ ಪಟ್ಟಿಗೆ ಸೇರಿಸಿಕೊಂಡರೆ. ಸೇರಿಸಿಕೊಳ್ಳಲು ಸಮುದಾಯದ ಪ್ರಮಾಣಪತ್ರ ಬೇಕು. ಅದಕ್ಕೆ ತಂದೆಯ ಶಾಲಾ ದಾಖಲೆ ಬೇಕು, ತಂದೆ ಇಲ್ಲದಿದ್ದರೆ ತಾಯಿಯದು. ಅವಳು ಕಟ್ಟಿಕೊಂಡ ಆ ಡ್ರೈವರ್ ಬಿಟ್ಟುಹೋಗಿ ಹನ್ನೆರಡು ವರ್ಷವಾಯಿತು, ನೀನು ಹೇಳಿದ ಹಾಗೇ ಆಯಿತು, ಸಂತೋಷಪಡಬೇಡ. ಆದ್ದರಿಂದ ತಾಯಿಯ ದಾಖಲೆ. ಅಂದರೆ ನನ್ನ ಪುಸ್ತಕ, ಆ ವರ್ಷದ ಪುಟ, ನಲವತ್ತೊಂದನೇ ಸಾಲು, ಸಮುದಾಯ ಬರೆಯುವ ಏಳನೇ ಕಲಂ. ಅಲ್ಲಿ ಗೆರೆ ಇದೆ.

ಪ್ರಮಾಣಪತ್ರದ ಕಚೇರಿಯಲ್ಲಿ ನಡೆದದ್ದನ್ನು ಅವಳು ಆ ಗುಮಾಸ್ತನ ದನಿಯಲ್ಲೇ ಆಡಿ ತೋರಿಸಿದಳು. “‘ಗೆರೆ ಇದೆಯಲ್ಲಮ್ಮ. ಗೆರೆ ಇದ್ದರೆ ನಾವು ದೊಡ್ಡ ಲೆಕ್ಕಕ್ಕೆ ಹಾಕ್ತೀವಿ. ನೀವು ನಮ್ಮವರೇ ಆದ್ರಿ, ಖುಷಿಪಡಿ’ ಅಂದ ಮಾಮ. ‘ನಾನು ಯಾರು ಅಂತ ನನಗೆ ಗೊತ್ತಿಲ್ವಾ?’ ಅಂದೆ. ‘ನಿಮಗೆ ಗೊತ್ತಿದ್ದರೆ ಸಾಲದು, ಪುಸ್ತಕಕ್ಕೆ ಗೊತ್ತಿರಬೇಕು’ ಅಂದ. ಪ್ರಾರ್ಥನೆ ಮನೆಯ ಹಿರಿಯರು ಕೊಟ್ಟ ಚೀಟಿ ತೋರಿಸಿದೆ. ಅದನ್ನ ತಿರುಗಿಸಿ ಹಿಂದುಗಡೆ ಏನಿದೆ ಅಂತ ನೋಡಿ ವಾಪಸ್ ಕೊಟ್ಟ.”

ನಿನಗೆ ಈ ಗುಮಾಸ್ತನ ಮಾತು ಕೇಳಿಸಬೇಕೆಂದೇ ಬರೆದೆ. ನಾವು ಗೆರೆ ಎಳೆದಾಗ ಅದು ಯಾರ ಕಡೆಗೂ ಸೇರದ ಜಾಗ ಎಂದುಕೊಂಡಿದ್ದೆವು. ಖಾಲಿ ಬಿಟ್ಟ ಸೈಟಿನ ಹಾಗೆ ಅದು. ಪಕ್ಕದ ದೊಡ್ಡ ಮನೆಯವರು ಬೇಲಿ ಸರಿಸಿಕೊಂಡರು, ದ್ವೇಷದಿಂದಲ್ಲ, ಅಭ್ಯಾಸದಿಂದ.

ಮೊದಲೆಲ್ಲ ಒಂದು ಸಾಲಿನ ನಕಲು ಕೊಟ್ಟರೆ ಸಾಕಿತ್ತು. ಈಗ ಇಡೀ ಪುಟದ ನಕಲು ಕೇಳುತ್ತಾರೆ. ಜವಾನ “ಈ ಪುಸ್ತಕ ನನಗಿಂತ ತೂಕ, ನನಗಿಂತ ಜಾಸ್ತಿ ಧೂಳು,” ಎನ್ನುತ್ತ ತಂದು ಮೇಜಿನ ಮೇಲಿಟ್ಟ. ನಾನೇ ಪುಟ ತೆರೆದೆ. ಅವಳು ಬಗ್ಗಿ ತುಂಬ ಹೊತ್ತು ನೋಡಿದಳು. ಕುದುರೆಯ ವಿಷಯ ಮರೆತಂತಿತ್ತು.

ಗಂಟೆ ಹೊಡೆಯಿತು. ಮಕ್ಕಳು ಬರುತ್ತಿದ್ದಾರೆ. ನಾಳೆ ಮುಂದುವರಿಸುತ್ತೇನೆ.

ಮಾರ್ಚ್ ೫, ಗುರುವಾರ

ನಿನ್ನೆ ಬರೆದದ್ದನ್ನು ಓದಿದೆ. ಹರಿದುಹಾಕುವ ಮನಸ್ಸಾಯಿತು. ಹರಿಯಲಿಲ್ಲ, ಯಾಕೆಂದರೆ ಹರಿದರೆ ಮತ್ತೆ ಮೊಣಕಾಲಿನಿಂದ ಶುರುಮಾಡಬೇಕು.

ಹುಡುಗಿಯ ಬಗ್ಗೆ ಹೇಳುತ್ತೇನೆ. ಮೊನ್ನೆ ಮಂಗಳವಾರ ಅವಳೇ ಬಂದಿದ್ದಳು, ಪುಟದ ನಕಲು ತೆಗೆದುಕೊಂಡು ಹೋಗಲು. ಉದ್ದ ಜಡೆ, ದೊಡ್ಡ ಚೀಲ, ಬಾಯಿ ಇನ್ನೂ ದೊಡ್ಡದು. ನಕಲು ಯಂತ್ರ ಬಿಸಿಯಾಗುವವರೆಗೆ ಸುಮ್ಮನೆ ಕೂರಲಾರದೆ, “ತಾತ, ನಿಮ್ಮ ಕಣ್ಣು ನೋಡಲಾ?” ಎಂದು ಕೇಳಿದಳು. ಯಾರ ಅಪ್ಪಣೆಗೂ ಕಾಯದೆ ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿನ ಗೋಡೆಯ ಮಗ್ಗಿ ಹಲಗೆ ಓದಿ ಎಂದಳು. ನಾನು ಹದಿಮೂರರ ಮಗ್ಗಿ ಕೊನೆಯವರೆಗೂ ಓದಿದೆ. ಅವಳು ಕೈ ತೆಗೆದು ನನ್ನನ್ನೇ ನೋಡಿದಳು.

“ಮೋಸ. ನೀವು ನೋಡಿ ಓದ್ತಿಲ್ಲ, ನೆನಪಿಂದ ಹೇಳ್ತಿದ್ದೀರಿ. ಹದಿಮೂರೆಂಟಲ ಅಳಿಸಿಹೋಗಿದೆ ಅಲ್ಲಿ.”

ನಾನು ಎದ್ದು ಹತ್ತಿರ ಹೋಗಿ ನೋಡಿದೆ. ನಿಜ, ಯಾವುದೋ ಬೇಸಿಗೆಯಲ್ಲಿ ಬಣ್ಣ ಉದುರಿತ್ತು. ಇಷ್ಟು ವರ್ಷ ಅದರ ಎದುರು ಕೂತು ನನಗೆ ಕಂಡಿರಲಿಲ್ಲ.

“ನಿಮ್ಮ ಎಡಗಣ್ಣಿಗೆ ಪೊರೆ ಬರ್ತಾ ಇದೆ,” ಎಂದಳು. “ಹೆದರಬೇಡಿ. ಅಮ್ಮನ ಆಸ್ಪತ್ರೇಲಿ ಒಂದು ಮುದಿ ನಾಯಿಗೂ ಹಾಗೇ ಇದೆ, ಆರಾಮಾಗಿದೆ.” ಆಮೇಲೆ ಹೊರಡುವಾಗ, ಚೀಲ ಹೆಗಲಿಗೇರಿಸುತ್ತ, ಬೇರೆಲ್ಲೋ ನೋಡುತ್ತ ಕೇಳಿದಳು: “ನಮ್ಮ ತಾತ ಒಂದೇ ಕಣ್ಣಲ್ಲಿ ಕೆಲಸ ಮಾಡ್ತಿದ್ರಂತೆ, ಹೌದಾ? ಯಾವ ಕಣ್ಣು?”

ಬಲಗಣ್ಣು ಎಂದೆ. ಅವಳು ಅದನ್ನು ಎಲ್ಲೋ ಬರೆದಿಟ್ಟುಕೊಂಡ ಹಾಗೆ ತಲೆಯಾಡಿಸಿದಳು.

ನಮ್ಮ ಸ್ನೇಹ ಎಲ್ಲಿ ಶುರುವಾಯಿತೆಂದು ನಿನಗೆ ನೆನಪಿರಬೇಕು. ನಾಲ್ಕನೇ ತರಗತಿ. ವರ್ಷಕ್ಕೊಮ್ಮೆ ಮೇಷ್ಟ್ರು ಪಟ್ಟಿ ಹಿಡಿದು ಬಂದು, “ಸಣ್ಣ ಸಮುದಾಯದ ಮಕ್ಕಳು ಎದ್ದು ನಿಂತ್ಕೊಳ್ಳಿ,” ಎನ್ನುತ್ತಿದ್ದರು. ಐವತ್ತಮೂರು ಮಕ್ಕಳಲ್ಲಿ ನಾವಿಬ್ಬರು ಏಳುತ್ತಿದ್ದೆವು, ನೀನು ಕಿಟಕಿಯ ಬಳಿ, ನಾನು ಬಾಗಿಲ ಬಳಿ. ಉಚಿತ ನೋಟ್‌ಪುಸ್ತಕ ಕೊಡಲಿಕ್ಕೆ ಅದು. ಮೇಷ್ಟ್ರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಎಣಿಸುತ್ತಿದ್ದರು ಅಷ್ಟೆ. ಆದರೆ ಎದ್ದು ನಿಂತಾಗ ಐವತ್ತೊಂದು ತಲೆಗಳು ತಿರುಗುತ್ತಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅದಕ್ಕಿಂತ ಮೊದಲು ನಾವು ಮಾತಾಡಿದ್ದೇ ಇಲ್ಲ. ನಿಂತಲ್ಲಿಂದ ಒಬ್ಬರನ್ನೊಬ್ಬರು ನೋಡಿದೆವು.

ಆರನೇ ತರಗತಿಯಲ್ಲಿ ನೀನು ಏಳಲಿಲ್ಲ. “ನಿಂತ್ಕೊಳ್ಳೋ,” ಎಂದರು. “ನನಗೆ ಪುಸ್ತಕ ಬೇಡ ಸಾರ್,” ಎಂದೆ ನೀನು. ನಾನು ನಿಂತೆ. ಪುಸ್ತಕ ತೆಗೆದುಕೊಂಡೆ. ಸಂಜೆ ಅದರ ನಡುವಿನ ಪಿನ್ನು ಕಿತ್ತು ಅರ್ಧ ನಿನಗೆ ಕೊಟ್ಟೆ, ನೀನು ಅದನ್ನು ತೆಗೆದುಕೊಂಡೆ, ಯಾಕೆಂದರೆ ಅದು ನನ್ನಿಂದ ಬಂದದ್ದು. ಹೀಗೆ ನೀನು ನಿನ್ನ ಮಾತು ಉಳಿಸಿಕೊಂಡೆ, ನನಗೆ ಪುಸ್ತಕ ಸಿಕ್ಕಿತು. ಆಗ ಇದು ನ್ಯಾಯವಾದ ಹಂಚಿಕೆ ಅನ್ನಿಸಿತ್ತು.

ಆಮೇಲೆ ಆ ಸೋಮವಾರ. ಮೂವತ್ತೊಂದು ವರ್ಷದ ಹಿಂದೆ. ನಿನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ನೀನು ಮಗಳ ಕೈ ಹಿಡಿದುಕೊಂಡು ಶಾಲೆಗೆ ಸೇರಿಸಲು ಬಂದೆ. ಹೊಸ ಬೂಟು, ಎರಡು ಬೂಟಿಗೂ ಬೇರೆ ಬೇರೆ ರೀತಿಯ ಗಂಟು, ಎರಡನ್ನೂ ನೀನೇ ಕಟ್ಟಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ, ಎಲ್ಲ ಬರೆದು ಏಳನೇ ಕಲಮಿಗೆ ಬಂದಾಗ, “ಅದು ಬೇಡ,” ಎಂದೆ ನೀನು.

“ಖಾಲಿ ಬಿಟ್ಟರೆ ಯಾರಾದರೂ ತುಂಬ್ತಾರೆ. ಗೆರೆ ಎಳೀಬೇಕು,” ಎಂದೆ ನಾನು.

“ಎಳಿ. ನನ್ನ ಮಗಳು ಯಾರ ಎದುರಿಗೂ ಎದ್ದು ನಿಲ್ಲೋದು ಬೇಡ.” ಆಮೇಲೆ ನೀನೇ ಕೇಳಿದೆ, “ನಿನ್ನ ಮಗಳದ್ದು?”

ನನ್ನ ಮಗಳೂ ಅದೇ ದಿನ ಸೇರುವವಳಿದ್ದಳು. ನಲವತ್ತೆರಡನೇ ಸಾಲು. ಅವಳದ್ದಕ್ಕೂ ಗೆರೆ ಎಂದೆ.

ನೀನು ಹೇಳಿದ ಮಾತು ಹೀಗಿತ್ತು, ನನಗೆ ಒಂದಕ್ಷರ ಮರೆತಿಲ್ಲ: “ಎರಡಕ್ಕೂ ಗೆರೆ, ಇಲ್ಲಾಂದ್ರೆ ಎರಡಕ್ಕೂ ಬೇಡ. ಒಬ್ಬಳು ನಿಂತು ಒಬ್ಬಳು ಕೂರೋದು ಮಾತ್ರ ಆಗಬಾರದು.”

ನಾನು ಮರದ ಅಳತೆಪಟ್ಟಿ ಇಟ್ಟು, ನಿನ್ನೆದುರಿಗೇ, ಎರಡು ಸಾಲಿಗೂ ಗೆರೆ ಎಳೆದೆ. ಕಲಮಿನ ಈ ಅಂಚಿನಿಂದ ಆ ಅಂಚಿನವರೆಗೆ. ನೀನು ಬಗ್ಗಿ ಶಾಯಿ ಒಣಗುವವರೆಗೆ ಊದಿದೆ. ನಾವಿಬ್ಬರೂ ಮೂವತ್ತು ದಾಟಿರಲಿಲ್ಲ. ಜಗತ್ತು ನಮ್ಮ ಅಳತೆಪಟ್ಟಿಗೆ ಸಿಗುವಷ್ಟು ಸಣ್ಣದಿತ್ತು.

ಉಳಿದದ್ದು ನಿನಗೆ ಗೊತ್ತು. ಕಾಮಾಲೆಯಿಂದ ಒಂದು ವರ್ಷ ಕಳೆದುಕೊಂಡು, ನನ್ನ ಮಗಳಿಗಿಂತ ಒಂದು ವರ್ಷ ತಡವಾಗಿ ನಿನ್ನ ಮಗಳು ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದ್ದು. ಸಾಮಾನ್ಯ ಪಟ್ಟಿಯಲ್ಲಿ ನಾಲ್ಕು ಅಂಕಕ್ಕೆ ತಪ್ಪಿದ್ದು. ನಿನಗೆ ಹೇಳದೆ ಮೀಸಲು ಸೀಟಿಗೆ ಕಾಗದಪತ್ರ ಹೊಂದಿಸಲು ಹೋಗಿ, ನನ್ನ ಹತ್ತಿರ ನಕಲು ಕೇಳಿ, ಗೆರೆ ಕಂಡದ್ದು. ನಾನು ಅವಳಿಗೆ ಹೇಳಿದೆ: ಪ್ರತಿ ಶನಿವಾರ ಹೆಡ್‌ಮಾಸ್ಟರು ಪುಟದ ಕೆಳಗೆ ಸಹಿ ಹಾಕುತ್ತಾರೆ, ಸಹಿ ಬಿದ್ದ ಪುಟ ಮುಚ್ಚಿದ ಪುಟ, ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ ಎಂದು. ಆ ಮಾತು ಮುಕ್ಕಾಲು ನಿಜ.

ಅವಳು ನಿನ್ನ ಅಂಗಡಿಗೆ ಬಂದು ಕೇಳಿದ ದಿನ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. “ಯಾಕೆ ಗೆರೆ ಎಳೆಸಿದ್ರಿ ಅಪ್ಪ?” ಎಂದು ಕೇಳಿದಳು. ನೀನು ಕಣ್ಣಿನಿಂದ ಭೂತಗನ್ನಡಿ ತೆಗೆಯದೆ ಹೇಳಿದೆ: “ಮಾಮನ ಮಗಳಿಗೂ ಅದೇ ಗೆರೆ ಇದೆ. ಅವಳು ಎಲ್ಲರ ಜೊತೆ ಓಡಿ ಸೀಟು ತಗೊಂಡಳು. ನಿನಗೇನು ಕಾಲಿಲ್ವಾ?” ಅವಳು ನನ್ನ ಕಡೆ ತಿರುಗಿದಳು. ಗೋಡೆಯ ತುಂಬ ಗಡಿಯಾರಗಳಿದ್ದವು, ಒಂದೊಂದರಲ್ಲೂ ಒಂದೊಂದು ಹೊತ್ತು. ನಾನು ಗಡಿಯಾರಗಳನ್ನು ನೋಡುತ್ತ ಕೂತೆ.

ಅವಳು ಆ ವರ್ಷವೇ ಮನೆ ಬಿಟ್ಟಳು. ಡ್ರೈವರ್‌ನಿಂದಾಗಿ ಎಂದು ನಾವಿಬ್ಬರೂ ಹೇಳಿಕೊಂಡು ಬಂದಿದ್ದೇವೆ.

ಈಗ ನಮೂನೆ. ದಾಖಲೆ ತಿದ್ದುಪಡಿಗೆ ಒಂದು ದಾರಿಯಿದೆ. ಕಲಮು ತುಂಬಿದ ಮನುಷ್ಯ ಜೀವಂತವಿದ್ದು, ತಪ್ಪು ತನ್ನದೇ ಎಂದು ಬರೆದುಕೊಡಬೇಕು. ಅದು ಮೊದಲ ಭಾಗ, ನಾನು ಬರೆದು ಸಹಿ ಮಾಡಿದ್ದೇನೆ. ಎರಡನೇ ಭಾಗ ತಂದೆಯದು. ಅಲ್ಲಿ ಅಚ್ಚಾಗಿರುವುದು ಒಂದೇ ವಾಕ್ಯ: “ಮೇಲ್ಕಂಡ ಕಲಮನ್ನು ಹೀಗೆ ಬಿಡಲು ನಾನು ಕೋರಿರಲಿಲ್ಲ.”

ಈ ವಾಕ್ಯ ಓದಿ ನಿನ್ನ ಹುಬ್ಬು ಏರುವುದು ಇಲ್ಲಿಂದಲೇ ಕಾಣಿಸುತ್ತದೆ. “ಕೋರಿದ್ದೆ, ಬಾಯಿಬಿಟ್ಟು ಕೋರಿದ್ದೆ, ಸುಳ್ಳಿಗೆ ಸಹಿ ಹಾಕು ಅಂತೀಯಾ?” ಎನ್ನುತ್ತೀ. ಗಿರಾಕಿಗೆ ತಿಳಿಯದ ಸಣ್ಣ ಸ್ಕ್ರೂ ಕಳೆದರೂ ಹೇಳಿಬಿಡುವವನು ನೀನು. ನಿನ್ನನ್ನು ಸುಳ್ಳಿಗೆ ಒಪ್ಪಿಸುವ ಶಕ್ತಿ ನನಗಿಲ್ಲ ಎಂದೇ ಹತ್ತು ದಿನ ಈ ಕಾಗದವನ್ನು ತಳ್ಳಿದೆ. ಮನೆಯಲ್ಲಿ ಹೇಳಿದಾಗ ನನ್ನವಳು, “ನೀವಿಬ್ಬರೂ ಸೇರಿ ಗೆರೆ ಎಳೆದ್ರಿ, ಈಗ ಆ ಮಗು ಅದನ್ನ ದಾಟೋಕೆ ನಿಮ್ಮ ಸತ್ಯ ಅಡ್ಡ ಬರುತ್ತಾ? ಚೆನ್ನಾಗಿದೆ ನಿಮ್ಮ ಸತ್ಯ,” ಎಂದಳು. ಅವಳಿಗೆ ಅರ್ಧ ಕತೆ ಮಾತ್ರ ಗೊತ್ತು. ಆದರೂ ಸರಿಯಾಗಿಯೇ ಹೇಳಿದಳು.

ಮೀಸಲು ಎಂದರೆ ಎದ್ದು ನಿಲ್ಲಿಸುವುದು ಎಂದು ನೀನು ತಿಳಿದೆ. ನಾಲ್ಕನೇ ತರಗತಿಯಲ್ಲಿ ನಮಗೆ ಅದು ಬಂದದ್ದೇ ಹಾಗೆ, ನಿನ್ನ ತಪ್ಪಲ್ಲ. ಆದರೆ ಮೊನ್ನೆ ಆ ಹುಡುಗಿ ನನ್ನ ಕಣ್ಣು ಮುಚ್ಚಿ ನಿಂತಾಗ ಅವಳ ಮುಖದಲ್ಲಿ ಅಂಥ ಯಾವ ಸಂಕೋಚವೂ ಇರಲಿಲ್ಲ. ಅವಳು ಕೇಳುತ್ತಿರುವುದು ಕೂರುವ ಒಂದು ಜಾಗ. ನಿಲ್ಲಲು ಹೇಳುವ ದನಿ ನಮ್ಮ ಕಿವಿಯಲ್ಲಿ ಉಳಿದಿದೆ, ಅವಳ ಕಿವಿಯಲ್ಲಿಲ್ಲ.

ಇಪ್ಪತ್ತನೇ ತಾರೀಕು ಮರೆಯಬೇಡ. ಮರಳಿ ಕಳಿಸುವ ಲಕೋಟೆಗೆ ಅಂಚೆಚೀಟಿ ಹಚ್ಚಿಟ್ಟಿದ್ದೇನೆ, ನೀನು ಸಹಿ ಹಾಕಿ ಒಳಗಿಟ್ಟರೆ ಸಾಕು.

ನಿನ್ನ ಕೈ ನಡುಗದಿರಲಿ. ಕಣ್ಣಿಗೆ ಪೊರೆ ಬಾರದಿರಲಿ. ಬಂದರೂ ನಾಲ್ಕು ವರ್ಷ ತಡೆದು ಬರಲಿ, ಆಗ ನೋಡುವವರು ಮನೆಯಲ್ಲೇ ಇರುತ್ತಾರೆ.

ನಿನ್ನ
ಮಸಿಕುಡಿಕೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಪುಟದ ನಕಲು ಜೊತೆಗಿಟ್ಟಿದ್ದೇನೆ. ಭೂತಗನ್ನಡಿ ಹಾಕಿಕೊಂಡು ನಲವತ್ತೆರಡನೇ ಸಾಲು ನೋಡು. ನನ್ನ ಮಗಳ ಸಾಲು. ಏಳನೇ ಕಲಂನಲ್ಲಿ ನಮ್ಮ ಸಮುದಾಯದ ಹೆಸರಿದೆ, ನನ್ನ ಅಕ್ಷರದಲ್ಲಿ, ಮುದ್ದಾಗಿ. ಹೆಸರು ಚಿಕ್ಕದು, ಗೆರೆ ಉದ್ದ. ಆದ್ದರಿಂದ ಹೆಸರಿನ ಎರಡೂ ಬದಿಗೆ ಗೆರೆ ಇನ್ನೂ ಹೊರಗೆ ಚಾಚಿದೆ.

ಸೋಮವಾರ ಎಳೆದದ್ದು. ಶನಿವಾರದವರೆಗೆ ಪುಟ ತೆರೆದಿತ್ತು. ಗುರುವಾರ ಮಧ್ಯಾಹ್ನ, ಮಕ್ಕಳು ಆಟಕ್ಕೆ ಹೋಗಿದ್ದಾಗ, ಅದರ ಮೇಲೇ ಬರೆದೆ. ನನ್ನವಳು ಹೇಳಿದ್ದಕ್ಕೆ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವಳು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಬರೆದ ಮೇಲೆ ಪೆನ್ನು ನಿನ್ನ ಮಗಳ ಸಾಲಿನ ಮೇಲೂ ಒಂದು ಕ್ಷಣ ನಿಂತಿತ್ತು. ನಿನ್ನನ್ನು ಕೇಳದೆ ಬರೆಯುವುದು ತಪ್ಪು ಅನ್ನಿಸಿತು. ಕೇಳಿದರೆ ನನ್ನದು ಹೇಳಬೇಕಾಗುತ್ತಿತ್ತು. ಮುಚ್ಚಳ ಹಾಕಿದೆ.

ನನ್ನ ಮಗಳಿಗೆ ಸೀಟು ಸಿಕ್ಕಿದ್ದು ಸಾಮಾನ್ಯ ಪಟ್ಟಿಯಲ್ಲಲ್ಲ, ಮೀಸಲಿನಲ್ಲಿ. ನೀನು ಅಂಗಡಿ ಮುಚ್ಚಿಕೊಂಡು ಸಿಹಿ ಪೊಟ್ಟಣ ಹಿಡಿದು ಬಂದೆಯಲ್ಲ, ಆಗ ಬಾಯಿಗೆ ಬಂದದ್ದು ಸಾಮಾನ್ಯ ಪಟ್ಟಿ ಎಂಬ ಮಾತು. ಮರು ವರ್ಷ ನಿನ್ನ ಮಗಳ ಅಂಕಪಟ್ಟಿಯ ನಕಲಿಗೆ ದೃಢೀಕರಣ ಮಾಡಿದವನು ನಾನೇ. ಅವಳಿಗೆ ನನ್ನ ಮಗಳಿಗಿಂತ ಒಂಬತ್ತು ಅಂಕ ಹೆಚ್ಚಿತ್ತು. ಆ ವರ್ಷ ನಮ್ಮವರಿಗೆಂದು ಇಟ್ಟ ಸೀಟನ್ನು ಕೇಳುವವರಿಲ್ಲದೆ ಕಡೆಯ ದಿನ ಸಾಮಾನ್ಯ ಪಟ್ಟಿಗೆ ಬಿಟ್ಟುಕೊಟ್ಟರು. ತಿದ್ದುಪಡಿಯ ಈ ನಿಯಮ ಆಗಲೂ ಇತ್ತು, ಕೈಪಿಡಿಯ ಮೂರನೇ ಪುಟದಲ್ಲಿ. ಹೇಳಲಿಲ್ಲ. ಹೇಳಿದ್ದರೆ ಪುಟ ಕಚೇರಿಗೆ ಹೋಗುತ್ತಿತ್ತು, ಯಾರಾದರೂ ಒಂದು ಸಾಲು ಕೆಳಗೆ ನೋಡುತ್ತಿದ್ದರು.

ಈ ಸಲ ನೋಡಲಿ. ಮೊದಲ ಭಾಗದಲ್ಲಿ ಎರಡೂ ಸಾಲಿನ ವಿಷಯ ಬರೆದಿದ್ದೇನೆ. ಜೂನ್‌ನಲ್ಲಿ ಹಾರ ಹಾಕುತ್ತಾರೋ ವಿಚಾರಣೆಗೆ ಕರೆಯುತ್ತಾರೋ, ಎರಡೂ ಒಂದೇ ಕೋಣೆಯಲ್ಲಿ.

ನಿನ್ನ ಮಗಳು ಸೋಮವಾರ ಅಷ್ಟು ಹೊತ್ತು ನೋಡಿದ್ದು ತನ್ನ ಸಾಲನ್ನಲ್ಲ. ಕೊನೆಗೆ ತಲೆಯೆತ್ತಿ, “ಅಪ್ಪನಿಗೆ ಗೊತ್ತಾ?” ಎಂದಳು. ಇಲ್ಲ ಎಂದೆ. ಅವಳು ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು, ನೋವಿನ ಪ್ರಾಣಿಯನ್ನು ಹಿಡಿದುಕೊಳ್ಳುವ ಕೈಯಲ್ಲಿ. “ಹೇಳಬೇಡಿ ಮಾಮ. ಸೀಟು ಹೋದರೆ ಹೋಗಲಿ. ಅಪ್ಪನಿಗೆ ಉಳಿದಿರೋದು ನೀವೊಬ್ಬರೇ.”

ಅವಳ ಮಾತು ಮೀರಿ ಹೇಳುತ್ತಿದ್ದೇನೆ. ಯಾಕೆಂದರೆ ನೀನು ಅಂದು ಕೇಳಿದ್ದು ಎರಡು ಗೆರೆ. ಒಂದೇ ಗೆರೆಯನ್ನು ನೀನು ಯಾವತ್ತೂ ಕೇಳಿರಲಿಲ್ಲ. ನಮೂನೆಯ ಆ ವಾಕ್ಯವನ್ನು ಇನ್ನೊಮ್ಮೆ ಓದು, ಅದರಲ್ಲಿ ಸುಳ್ಳಿಲ್ಲ. ಸಹಿ ಹಾಕು.